ನಿಂಗಮ್ಮನ ಅವರೆ ಮತ್ತು ಕತ್ತರಿಸದ ಹಾಳೆಗಳು

ಹೋದ ಭಾನುವಾರ ನಾನೊಂದು ವಾದ ಗೆದ್ದೆ. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಸೋತವರು ನಿಂಗಮ್ಮ. ಹುಣಸೂರಿನಾಚೆ, ಪಿರಿಯಾಪಟ್ಟಣದ ರಸ್ತೆಯಲ್ಲಿ, ನಮ್ಮ ಹೊಲಕ್ಕೆ ಅಂಟಿಕೊಂಡೇ ಅವರ ಹೊಲ. ರಾಗಿ ಕೊಯ್ದಾಗಿದೆ, ಸಾಲಿನ ಅವರೆ ಹೂ ಬಿಟ್ಟಿದೆ. ಸಾಮಾನ್ಯ ಅವರೆಯಲ್ಲ. ಮದುವೆಯಾದ ವರ್ಷ ಚುಂಚನಕಟ್ಟೆ ಕಡೆಯ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ತಳಿ. ಸೊಗಡು ಎಂದರೆ, ಅವರ ಮನೆಯಲ್ಲಿ ಸಾರು ಕುದಿದರೆ ನಮ್ಮ ಮನೆಯಲ್ಲಿ ಹಸಿವಾಗುತ್ತದೆ. ತವರಿನವರು ಈಗ ಅದನ್ನು ಬಿತ್ತುವುದಿಲ್ಲ. ಹೋದ ವರ್ಷ ಬೀಜದ ಮಡಕೆಗೆ ಹುಳು ಬಿದ್ದು ಉಳಿದದ್ದು ಎರಡು ಸೇರು. ಅಷ್ಟನ್ನೂ ಈ ಸಲ ಬಿತ್ತಿದ್ದಾರೆ. ಕಾಯಿ ಕಟ್ಟಿದರೆ ಬೀಜ. ಇಲ್ಲದಿದ್ದರೆ ತಳಿಯೇ ಮುಗಿಯಿತು.

ಅಂಥ ಗಿಡದ ಕುಡಿಗೆ ರಸ ಹೀರುವ ಕರಿ ಹೇನು ಮುತ್ತಿತ್ತು. ಹೂವಿನ ತೊಟ್ಟಿನ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ. ನಡುವೆ ಇನ್ನೊಂದು ಪ್ರಾಣಿ: ಮೊಸಳೆಯನ್ನು ಅಕ್ಕಿಕಾಳಿನಷ್ಟಕ್ಕೆ ಕುಗ್ಗಿಸಿದಂಥ, ಮುಳ್ಳು ಮೈಯ ಹುಳು.

ನನ್ನ ಬಳಿ ಪುಸ್ತಕವಿತ್ತು. ಹುಳುಗಳನ್ನು ಗುರುತು ಹಿಡಿಯಲೆಂದೇ ಬರೆದ, ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ಗ್ರಂಥ. ಮೈಸೂರಿನ ಲೈಬ್ರರಿಯೊಂದರಿಂದ ಸ್ನೇಹಿತನ ಹೆಸರಿನಲ್ಲಿ ತಂದದ್ದು. (ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನ ಕಂಡಕ್ಟರು ಅದಕ್ಕೂ ಲಗೇಜು ಕೇಳಿದ.) ಶಕುನ, ದೃಷ್ಟಿ, ಮಂತ್ರಿಸಿದ ನಿಂಬೆಹಣ್ಣು ಇವನ್ನೆಲ್ಲ ಈ ಅಂಕಣದಲ್ಲಿ ನಾನು ಎಷ್ಟು ಸಲ ಜರೆದಿಲ್ಲ, ಓದುಗರೇ? ಏನು ಹೇಳಿದರೂ ಪ್ರಮಾಣ ಕೇಳುವವನು ನಾನು. ಅಂದು ಪ್ರಮಾಣ ಕಂಕುಳಲ್ಲೇ ಇತ್ತು.

ಕಪ್ಪು ಬಿಳುಪಿನ ಚಿತ್ರಗಳ ಪ್ಲೇಟುಗಳನ್ನು ತಿರುವಿದೆ. ಸಿಕ್ಕಿತು. ಎಲೆ ತಿನ್ನುವ ಹುಳು: ಅದೇ ಮುಳ್ಳು ಮೈ, ಅದೇ ಆರು ಕಾಲು. ತೀರ್ಪು: ಕೊಲ್ಲಿ.

ನಿಂಗಮ್ಮ ಒಪ್ಪಲಿಲ್ಲ. ಈ ಹುಳ ಇರುವ ಗಿಡದಲ್ಲಿ ಹೇನು ಕಮ್ಮಿಯಾಗುತ್ತದೆ ಎಂದರು. ಎಣಿಸಿದ್ದೀರಾ ಎಂದೆ. ಇಲ್ಲ. ಹೇನಿದ್ದ ಕಡೆಯೇ ಇದೂ ಇರುತ್ತದಲ್ಲವೇ ಎಂದೆ. ಹೌದು. ಹೇನಿಲ್ಲದ ಗಿಡದಲ್ಲಿ ಇರುವುದಿಲ್ಲವಲ್ಲ? ಇಲ್ಲ. ಹಾಗಾದರೆ ಎರಡೂ ಒಂದೇ ಗುಂಪಿನ ಕಳ್ಳರಲ್ಲವೇ? ಕಾಲೇಜಿನ ಡಿಬೇಟಿನಲ್ಲಿ ನನಗೆ ಕಪ್ ಗೆದ್ದುಕೊಟ್ಟ ವರಸೆ ಇದು. ಮೂರು ಪ್ರಶ್ನೆಗೆ ಉತ್ತರ ಕೊಟ್ಟ ಎದುರಾಳಿ ನಾಲ್ಕನೆಯದಕ್ಕೆ ಬಾಯಿ ಮುಚ್ಚಬೇಕು.

ನಿಂಗಮ್ಮ ಬಾಯಿ ಮುಚ್ಚಿದರು. ಮೌನ ಎಂದರೆ ಒಪ್ಪಿಗೆ ಎಂದುಕೊಂಡೆ. ಅದು ಬೇಸರವೂ ಆಗಿರಬಹುದೆಂದು ಯಾವ ಡಿಬೇಟು ಕಲಿಸುತ್ತದೆ?

ಈ ಯುದ್ಧಕಾಲದಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟ. ಅವರು ತಮ್ಮ ಬುಡ್ಡಿದೀಪದ್ದನ್ನೇ ಬೋಗುಣಿ ನೀರಿಗೆ ಸುರಿದರು. ಮಧ್ಯಾಹ್ನದ ತನಕ ಇಬ್ಬರೂ ಆ ಹುಳುಗಳನ್ನು ಆಯ್ದು ಆಯ್ದು ಮುಳುಗಿಸಿದೆವು.

ಬುಧವಾರ ಹೋಗಿ ನೋಡಿದರೆ ಕುಡಿಗಳೇ ಕಾಣುತ್ತಿರಲಿಲ್ಲ. ಹೇನೇ ಹೇನು. ಹೂ ಉದುರುತ್ತಿತ್ತು.

ಬದುವಿನ ಮೇಲೆ ಕೂತು ಪುಸ್ತಕವನ್ನು ಮತ್ತೆ ತೆರೆದೆ. ಈ ಸಲ ಓದಲು. ಪ್ಲೇಟಿನ ಹಿಂದಿನ ಹಾಳೆಗಳ ಅಂಚು ಒಂದಕ್ಕೊಂದು ಕೂಡಿಕೊಂಡೇ ಇತ್ತು. ಅಚ್ಚಾದಂದಿನಿಂದ ಓದಲೆಂದು ಯಾರೂ ಅದನ್ನು ಕತ್ತರಿಸಿ ಬಿಡಿಸಿರಲಿಲ್ಲ, ನಾನೂ ಸೇರಿ. ನಿಂಗಮ್ಮನ ಕುಡುಗೋಲಿನಿಂದ ಸೀಳಿದೆ. ಭಾನುವಾರ ನಾನು ಕಂಡ ಚಿತ್ರ ಬದನೆ ಎಲೆ ತಿನ್ನುವ ಹುಳುವಿನದು. ಅದಕ್ಕೊಬ್ಬ ದಾಯಾದಿಯಿದ್ದಾನೆ, ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳುವಿನ ಮರಿ, ಹೇನೇ ಅದರ ಊಟ, ಅದನ್ನು ಕೊಲ್ಲಬಾರದು. ಎಲ್ಲವೂ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಪುಸ್ತಕಕ್ಕೆ ಗೊತ್ತಿತ್ತು. ನಿಂಗಮ್ಮನಿಗೂ ಗೊತ್ತಿತ್ತು. ಗೊತ್ತಿಲ್ಲದವನೊಬ್ಬ ನಡುವೆ ನಿಂತು ತೀರ್ಪು ಕೊಟ್ಟಿದ್ದ.

ಅವರಿಗೆ ಹೇಳಿದೆ. ಕೊನೆಯ ಪ್ರಶ್ನೆಗೆ ಯಾಕೆ ಎದುರಾಡಲಿಲ್ಲ ಎಂದೂ ಕೇಳಿದೆ. (ನೋಡಿ, ಆಗಲೂ ತಪ್ಪಿನಲ್ಲಿ ಅರ್ಧ ಅವರಿಗೆ ಹಂಚುವ ಚಪಲ.)

“ನೀನು ನನ್ ಬಾಯ್ನ ಕೇಳ್ದೆ ಕಣಪ್ಪ, ಗಿಡನ ಕೇಳ್ನಿಲ್ಲ,” ಎಂದರು ನಿಂಗಮ್ಮ. “ಅಷ್ಟ್ ದಪ್ಪ ಪುಸ್ತಕ ಒತ್ಕೊಂಡ್ ಬಂದಿದ್ದೆ. ಸುಳ್ಳು ಅಂದ್ರೆ ಬೇಜಾರ್ ಮಾಡ್ಕೊಂಡೀಯೆ ಅಂತ ಸುಮ್ಕಾದೆ. ಈಗ ಅದ್ನ ಮುಚ್ಚಿಟ್ಟು ಏಳು. ಆ ಉಳ ಎಲ್ ಸಿಕ್ತದೋ ಉಡುಕ್ಕೊಂಡ್ ಬಾ.”

ಅಂದಿನಿಂದ ಖಾಲಿ ಬೆಂಕಿಪೊಟ್ಟಣ ಹಿಡಿದು ಊರವರ ಹೊಲಗಳನ್ನು ಅಲೆಯುತ್ತಿದ್ದೇನೆ. ಬಿ.ಎ. ಓದಿ ಹುಳ ಮೇಯಿಸ್ತಾವನೆ ಕಣ್ಲಾ ಎಂದು ನೀರು ಕಟ್ಟುತ್ತಿದ್ದವರೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಲಿ ಎಂದೇ. ಉತ್ತರ ಹೊಳೆಯಿತು; ನುಂಗಿಕೊಂಡೆ. ಅವರ ಅವರೆಯಲ್ಲಿ ಏಳು ಮರಿಗಳಿದ್ದವು.

ತಂದದ್ದನ್ನು ಒಂದೊಂದೇ ಕುಡಿಗೆ ಬಿಡುತ್ತೇವೆ. ಇವತ್ತಿಗೆ ಎರಡು ಸಾಲು ಹೇನಿಲ್ಲದೆ ತಿಳಿಯಾಗಿದೆ. ಇನ್ನೂ ಹದಿನಾಲ್ಕಿವೆ, ಹೂ ಉದುರುವುದು ನಿಂತಿಲ್ಲ, ನಾನು ಈ ಸಾಲುಗಳನ್ನು ಬರೆಯುತ್ತಲೇ ನಾಲ್ಕು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ.

ಹುಳುವಿನ ಹೆಸರು ತಪ್ಪಿದರೆ ಪುಸ್ತಕದಲ್ಲಿ ಹುಡುಕಿಕೊಳ್ಳಬಹುದು. ಈ ಅವರೆಯೇ ತಪ್ಪಿಹೋದರೆ ಯಾವ ಪುಸ್ತಕದಲ್ಲಿ ಹುಡುಕಲಿ?