ಅಸೂಟಿಯ ಗಿರಾಕಿ ಹೇಳಿ ಮಾಡಿಸಿದ ಗಾದಿ

ನರಗುಂದದ ಗುಡ್ಡದ ಬುಡದ ಓಣಿಗೆ ಬಂದು, ಗಾದಿ ಹೊಲಿಯುವ ಮದರಸಾಬನ ಮನೆ ಯಾವುದು ಎಂದು ಕೇಳಿದರೆ, ಜನ ಬೆರಳು ತೋರಿಸುತ್ತಿರಲಿಲ್ಲ. ನೆಟ್ಟಗೆ ಹೋಗಿರಿ, ಎಲ್ಲಿ ಮೂಗಿಗೆ ಹತ್ತಿಯ ಎಳೆ ತಾಗಿ ಸೀನು ಬರುತ್ತದೋ ಅಲ್ಲಿ ನಿಂತುಬಿಡಿರಿ ಎನ್ನುತ್ತಿದ್ದರು. ಮುಂದಿನ ಪಡಸಾಲೆ ಅಂಗಡಿ, ಹಿಂದಿನ ಕೋಣೆ ಸಂಸಾರ. ಪಡಸಾಲೆಯಲ್ಲಿ ಮಡಚಿಟ್ಟ ಗಾದಿಗಳ ಒಟ್ಟಿಲು ಜಂತಿಯನ್ನು ಮುಟ್ಟುತ್ತಿತ್ತು. ಹಿಂದಿನ ಕೋಣೆಯಲ್ಲಿ ಮದರಸಾಬನೂ ಅವನ ಹೆಂಡತಿ ಚಮನಬಿಯೂ ಚಾಪೆಯ ಮೇಲೆ ಮಲಗುತ್ತಿದ್ದರು.

ಚಮನಬಿ ಯಾವಗಲ್ಲ ಊರಿನ ಮಗಳು. ಮದುವೆಯಾಗಿ ಬರುವಾಗ ಅವಳಪ್ಪ ಕಣ್ಣೊರೆಸಿಕೊಂಡು, "ಗಾದಿ ಹೊಲಿಯೋ ಮನಿಗೆ ಕೊಟ್ಟೇನಿ ಮಗಳ, ಇನ್ನ ನಿನ್ನ ಬೆನ್ನಿಗೆ ನೆಲಾ ಹತ್ತೂದಿಲ್ಲ" ಎಂದಿದ್ದ. ಪಾಪ, ಅವನು ಅಳಿಯನನ್ನು ನೋಡಿದ್ದ, ಅಳಿಯನ ಸ್ವಭಾವ ನೋಡಿರಲಿಲ್ಲ. ಅಂದಿನಿಂದ ಚಮನಬಿಗೂ ಆ ಕೋಣೆಯ ನೆಲಕ್ಕೂ ಒಳ್ಳೆಯ ಪರಿಚಯವಾಗಿತ್ತು. ಯಾವ ಕಲ್ಲು ತುಸು ಮೇಲೆದ್ದಿದೆ, ಯಾವುದು ಚಳಿಗಾಲದಲ್ಲಿ ಹೆಚ್ಚು ತಣ್ಣಗಿರುತ್ತದೆ ಎಂಬುದನ್ನು ಅವಳ ಸೊಂಟ ಬಲ್ಲದು.

ಹಾಗೆಂದು ಮದರಸಾಬ ಕೆಟ್ಟವನಲ್ಲ. ಹೆಂಡತಿಯ ಮಾತಿಗೆ ಎಂದೂ ಇಲ್ಲ ಎಂದವನೇ ಅಲ್ಲ. ಕಷ್ಟವೆಂದರೆ, ಗಿರಾಕಿಗೂ ಇಲ್ಲ ಎನ್ನುತ್ತಿರಲಿಲ್ಲ. ಮನೆಗೆಂದು ಅವನು ಗಾದಿ ಹೊಲಿದದ್ದು ಒಮ್ಮೆಯಲ್ಲ, ಮೂರು ಸಲ. ಮೊದಲನೆಯದನ್ನು ಮದುವೆಯವರು ಹೊತ್ತುಕೊಂಡು ಹೋದರು. ಎರಡನೆಯದು ವರ್ಗವಾಗಿ ಬಂದ ಮಾಸ್ತರರ ಪಾಲಾಯಿತು. ಮೂರನೆಯದು ಚಮನಬಿಯ ತವರೂರಿನ ಬಾಣಂತಿಗೇ ಹೋಯಿತು, ಆಗ ಅವಳಿಗೆ ಬೈಯಲೂ ಬಾಯಿ ಬರಲಿಲ್ಲ. ಕೇಳಿದರೆ ಪ್ರತಿಸಲವೂ ಅದೇ ಉತ್ತರ: "ಬಾಗಿಲಿಗೆ ಬಂದ ಗಿರಾಕೀನ ಖಾಲಿ ಕೈಲೆ ಹ್ಯಾಂಗ ಕಳಸೂದು? ನಮಗೇನು, ನಾಳೆ ಮತ್ತೊಂದು ಹೊಲಿದ್ರಾತು." ಇನ್ನು ಪಡಸಾಲೆಯ ಗಾದಿಗಳ ಮೇಲೆ ಕುಳಿತೇವೆಂದರೆ ಅದೂ ಇಲ್ಲ. ಗಿರಾಕಿಯ ಮಾಲಿನ ಮೇಲೆ ಇರುವೆ ಹತ್ತಿದರೂ ಮದರಸಾಬ ಅದನ್ನು ಮರ್ಯಾದೆಯಿಂದ ಕೆಳಗಿಳಿಸುತ್ತಿದ್ದ.

ಇಷ್ಟೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ಹೋದ ವರ್ಷ ಮಗಳು ಹುಸ್ನಾಳ ಅತ್ತೆ ರಸೂಲಬಿ ಕೊಣ್ಣೂರಿನಿಂದ ಬಂದಾಗ ಮಾನ ಹೋಯಿತು. ಬೀಗತಿಯನ್ನು ಚಾಪೆಯ ಮೇಲೆ ಕೂಡಿಸುವುದು ಹೇಗೆಂದು ಚಮನಬಿ ಬಾಜೂಮನೆಯ ಗಾಳೆವ್ವನ ಗಾದಿ ತಂದು ಹಾಸಿದ್ದಳು. ರಸೂಲಬಿ ಅದರ ಮೇಲೆ ಕುಳಿತು ಚಹಾದ ಬಸಿ ತುಟಿಗೆ ಹಚ್ಚಿದ್ದಾಳೆ, ಅಷ್ಟರಲ್ಲಿ ಗಾಳೆವ್ವ ಬಾಗಿಲಲ್ಲಿ ಇಣುಕಿ, "ಚಮನವ್ವಾ, ನಿನ್ನ ಕೆಲಸ ಮುಗಿದಿದ್ರ ನಮ್ಮ ಗಾದಿ ಕೊಡ್ತೀಯೇನು? ನಮ್ಮನ್ಯಾಗೂ ಮಂದಿ ಬಂದಾರ" ಎಂದಳು. ರಸೂಲಬಿ ಸಾವಕಾಶ ಎದ್ದಳು. ತಾನೇ ಗಾದಿ ಮಡಚಿ ಗಾಳೆವ್ವನ ಕೈಗೆ ಕೊಟ್ಟಳು. ಪಡಸಾಲೆಯ ಒಟ್ಟಿಲನ್ನೊಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿ, "ಮನಿ ತುಂಬ ಗಾದಿ, ಕುಂಡ್ರಾಕ ಮಾತ್ರ ಕಡಾ ತಂದದ್ದು. ಇದೂ ಒಂದು ಬರಕತ್ತ ಐತಿ ಬಿಡ್ರಿ ಬೀಗತಿ" ಎಂದಳು.

ಆ ಮಾತು ಚಮನಬಿಯ ಎದೆಯಲ್ಲಿ ದಬ್ಬಣದಂತೆ ಚುಚ್ಚಿಕೊಂಡು ಕುಳಿತಿತ್ತು.

ಈಗ ಹುಸ್ನಾ ಬಸುರಿ. ಏಳನೆಯ ತಿಂಗಳಿಗೆ ಅತ್ತೆಯೇ ಅವಳನ್ನು ತವರಿಗೆ ಕರೆತಂದು ಬಿಡುತ್ತಾಳೆ, ಎರಡು ದಿನ ಉಳಿಯುತ್ತಾಳೆ ಎಂದು ಎಸ್‌ಟಿಡಿ ಅಂಗಡಿಗೆ ಫೋನು ಬಂತು. ಚಮನಬಿ ಫೋನು ಇಟ್ಟವಳು ಗಂಡನ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ನಾಲ್ಕನೆಯ ಗಾದಿಯೂ ಹೊಲಿದಾಗುತ್ತಿತ್ತು, ಹೊರಟೂ ಹೋಗುತ್ತಿತ್ತು. ಅವಳು ನೆಟ್ಟಗೆ ಗಾಳೆವ್ವನ ಮನೆಗೆ ಹೋದಳು.

"ಅಕ್ಕಾ, ಒಂದು ಗಾದಿ ಹೇಳಬೇಕಾಗೇತಿ."

"ನಿನ್ನ ಗಂಡಗ ಹೇಳ."

"ಅವರಿಗೇ ಹೇಳೂದು. ಆದ್ರ ನೀ ಹೇಳಬೇಕು. ಅಸೂಟಿ ಊರಾಗಿನ ನಿನ್ನ ಬೀಗತಿಗೆ ಅಂತ ಹೇಳ. ಸಂಚಕಾರ ತಗೋ ಇಲ್ಲೆ."

ಸಂಚಕಾರ ಎಂದರೆ ಮಾಲು ಹೇಳುವಾಗ ಮುಂಗಡ ಕೊಡುವ ರೊಕ್ಕ. ಲೋಕ ಮುಳುಗಿದರೂ ಸಂಚಕಾರ ಹಿಡಿದ ಮಾಲನ್ನು ಮದರಸಾಬ ಇನ್ನೊಬ್ಬರಿಗೆ ಕೊಟ್ಟವನಲ್ಲ. ಓಣಿಯ ಹೆಂಗಸರ ಕುಪ್ಪಸ ಹೊಲಿದು ಬಂದ ತನ್ನ ರೊಕ್ಕವನ್ನು ಚಮನಬಿ ಗಾಳೆವ್ವನ ಕೈಯಲ್ಲಿಟ್ಟಳು. ಗಾಳೆವ್ವ ಅದನ್ನು ನೋಡಿದಳು, ಇವಳನ್ನು ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಗಂಡಗ ಸಂಚಕಾರ ಕೊಟ್ಟಾಕಿ ನೀನ ಮೊದಲನೇದಾಕಿ ನೋಡವಾ."

ಅಲ್ಲಿಂದ ಚಮನಬಿಗೆ ಗಿರಾಕಿಯಾಗುವ ಸುಖ ಹತ್ತಿತು. ಒಂದು ಸಲ ಹತ್ತಿದ ಮೇಲೆ ಬಿಡುವಂಥದಲ್ಲ ಅದು. ದಿನಕ್ಕೊಂದು ಮಾತು ಗಾಳೆವ್ವನ ಬಾಯಿಂದ ಪಡಸಾಲೆಗೆ ಹೋಗುತ್ತಿತ್ತು. ಹಳೇ ಹತ್ತಿ ಬೆರಸಬಾರದಂತ. ಮೂಲೆ ಗಟ್ಟಿ ಇರಬೇಕಂತ. ನಡುವೆ ಕುಳಿ ಬೀಳಬಾರದಂತ. ರಾತ್ರಿ ಊಟಕ್ಕೆ ಕುಳಿತಾಗ ಮದರಸಾಬ ತಲೆ ಕೊಡವುತ್ತಿದ್ದ.

"ಈ ಅಸೂಟಿ ಹೆಣ್ಮಗಳು ಭಾಳ ಜೋರ ಅದಾಳ. ಆಕಿ ಗಂಡ ಹ್ಯಾಂಗ ಬಾಳ್ವೆ ಮಾಡ್ತಾನೋ, ಅಲ್ಲಾನ ಬಲ್ಲ."

"ಚಲೋ ಮನಶ್ಯಾ ಇರಬೇಕು. ಸುಮ್ಮನ ಇರ್ತಾನ" ಎಂದು ಚಮನಬಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಗಾದಿಯ ಮೇಲಿನ ಬಟ್ಟೆ, ಗಲೀಫು, ಹೊಲಿಯುವ ಕೆಲಸ ಎಂದಿನಂತೆ ಅವಳದೇ. ಪ್ಯಾಟಿಗೆ ಹೋದಳು. ಬಟ್ಟೆಯ ಥಾನುಗಳನ್ನೆಲ್ಲ ಬಿಚ್ಚಿಸಿ, ಗಲ್ಲಕ್ಕೆ ತಿಕ್ಕಿ ನೋಡಿ, ಅಂಗಡಿಯವನ ತಾಳ್ಮೆ ತೀರುವವರೆಗೆ ಕುಳಿತು, ಬೆಳಗಿನ ಜೋಳದ ಹೊಲದಂಥ ಹಸಿರು ಬಟ್ಟೆ ತಂದಳು. ಮದರಸಾಬ ಹುಬ್ಬು ಏರಿಸಿದ. "ಗಿರಾಕಿ ಬಣ್ಣಾ ಹೇಳಿದ್ಲೇನು? ನೀ ನಿನ್ನ ಮನಸಿಗೆ ಬಂದದ್ದ ತಂದೀ."

"ಆಕಿ ಮನಸು ನನಗ ಗೊತ್ತೈತಿ. ನೀವು ದಬ್ಬಣಾ ನೋಡ್ರಿ."

ಬೀಗರು ಬರುವ ದಿನ ಬಂತು. ಮದರಸಾಬ ನಸುಕಿನಲ್ಲೇ ಎದ್ದು ಕೊನೆಯ ಹೊಲಿಗೆಯ ಟಾಕು ಹಾಕಿ ಮುಗಿಸಿದ್ದ. ಗಾದಿ ಪಡಸಾಲೆಯ ನಡುವೆ ಉಬ್ಬಿಕೊಂಡು ಕುಳಿತಿತ್ತು. ಸರಿಯಾಗಿ ಆಗಲೇ ಗಜೇಂದ್ರಗಡದ ಸೀರೆ ವ್ಯಾಪಾರಿ ಮುತ್ತಣ್ಣ ಟೆಂಪೊ ನಿಲ್ಲಿಸಿ ಒಳಗೆ ಬಂದ. ಹಳೆಯ ಗಿರಾಕಿ. ಮಗಳ ಮದುವೆಗೆ ಗಾದಿ ಬೇಕಾಗಿದ್ದವು. ಹತ್ತಿಪ್ಪತ್ತು ಮಾತಿನ ನಂತರ ಅವನ ಕೈ ಹಸಿರು ಗಾದಿಯ ಮೇಲೆ ಹೋಯಿತು, ಹೋದದ್ದು ಅಲ್ಲಿಂದ ಏಳಲಿಲ್ಲ.

"ಇದನ್ನ ಕೊಡ್ರಿ ಸಾಬ್ರ. ಮದುಮಗಳಿಗೆ ಇದ ಚಲೋ."

ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ ಚಮನಬಿಯ ಕೈ ನಿಂತಿತು.

"ಅದೊಂದು ಬಿಟ್ಟು ಮಾತಾಡ್ರಿ" ಎಂದ ಮದರಸಾಬ.

"ಎರಡು ಪಟ್ಟು ಕೊಡತೇನ್ರಿ."

"ನಾಕು ಪಟ್ಟು ಕೊಟ್ರೂ ಆಗೂದಿಲ್ರಿ. ಅಸೂಟಿ ಹೆಣ್ಮಗಳ ಸಂಚಕಾರ ಹಿಡಿದೇನಿ. ಆಕಿ ಇದರ ಹಾದಿ ನೋಡಕೋತ ಕುಂತಿರ್ತಾಳ."

ಚಮನಬಿಗೆ ನಗು ಬರಬೇಕಾಗಿತ್ತು. ಬಂದದ್ದು ಬೇರೆ. ಗಾದಿ ಉಳಿಯಿತು ಎಂಬ ಹಿಗ್ಗು ಒಂದು ಕಣ್ಣಲ್ಲಿ, ಕಂಡು ಕೇಳದ ಹೆಂಗಸಿನ ಸಲುವಾಗಿ ಎಷ್ಟು ಸಲೀಸಾಗಿ ಇಲ್ಲ ಅಂದ ನೋಡು ಎಂಬ ಉರಿ ಇನ್ನೊಂದು ಕಣ್ಣಲ್ಲಿ. ಆ ಇಲ್ಲದ ಅಸೂಟಿಯವಳ ಮೇಲೆ ಅವಳಿಗೆ ಸವತಿಯ ಹೊಟ್ಟೆಕಿಚ್ಚು ಹುಟ್ಟಿತು. ಹಿಟ್ಟನ್ನು ಆ ದಿನ ನಾದಿದಷ್ಟು ಎಂದೂ ನಾದಿರಲಿಲ್ಲ.

ಮಧ್ಯಾಹ್ನ ಮದರಸಾಬ ಗಾದಿಯನ್ನು ತಲೆಯ ಮೇಲೆ ಹೊತ್ತು ಗಾಳೆವ್ವನ ಬಾಗಿಲಿಗೆ ಹೋದ.

"ಇಲ್ಲಿ ಇಳಸಬ್ಯಾಡಣ್ಣಾ" ಎಂದಳು ಗಾಳೆವ್ವ. "ಗಿರಾಕಿ ಬಾಜೂ ಮನ್ಯಾಗ ಅದಾಳ."

"ಬಾಜೂ ಮನಿ ನಂದ ಐತೆಲ್ಲವಾ."

"ನಾನೂ ಅದನ್ನ ಹೇಳಾಕತ್ತೇನಿ."

ಮದರಸಾಬ ಗಾದಿ ಹೊತ್ತುಕೊಂಡೇ ತಿರುಗಿದ. ತನ್ನ ಮನೆಯ ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು, ಬಾಕಿ ರೊಕ್ಕ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ಅವನು ಅವಳನ್ನೂ ಗಂಟನ್ನೂ ನೋಡಿದ.

"ಹೇಳಿದ್ರ ನಾ ಮಾಡಿ ಕೊಡತಿದ್ದಿಲ್ಲೇನು?"

"ಕೊಡತಿದ್ರಿ. ಯಾರಿಗೆ ಅನ್ನೂದಷ್ಟ ಗೊತ್ತಿರಲಿಲ್ಲ."

"ಮುಂಜಾನೆ ಮುತ್ತಣ್ಣಗ ಇಲ್ಲ ಅಂದೆ. ಅದು ನಿನ್ನ ಸಲುವಾಗೇ ಅಂದಂಗಾತಲ್ಲ."

"ಅದು ನನಗ ಗೊತ್ತಿತ್ತು. ನಿಮಗ ಗೊತ್ತಿರಲಿಲ್ಲ."

ಮದರಸಾಬ ಕೆಲಸಕ್ಕೆ ಹತ್ತಿದ. ಗಾದಿಯನ್ನು ಹಿಂದಿನ ಕೋಣೆಗೆ ಒಯ್ದು ಹಾಸಿದ. ಮೂಲೆ ಒತ್ತಿದ, ಅಂಚು ತಟ್ಟಿದ, ನಡುವೆ ಮೊಳಕೈ ಊರಿ ನೋಡಿದ. "ತಡಿ, ಕುಳಿ ಬೀಳ್ತೈತೇನು ನೋಡತೇನಿ. ಆಮ್ಯಾಲೆ ತಕರಾರು ಬ್ಯಾಡ" ಎಂದು ಮೈ ಚಾಚಿದ. ಊರಿಗೆಲ್ಲ ಗಾದಿ ಹೊಲಿದ ಆ ಮನುಷ್ಯ ತಾನು ಹೊಲಿದದ್ದರ ಮೇಲೆ ಬೆನ್ನು ಊರಿದ್ದು ಅದೇ ಮೊದಲು. ಮುಖದ ಮೇಲೆ ಏನೋ ಕೇಳಿಸಿಕೊಳ್ಳುತ್ತಿರುವವನ ಕಳೆ ಬಂತು. "ಏ ಇವಳ, ಇದು..." ಎಂದ. ಆ ಮಾತು ಅಲ್ಲಿಗೇ ನಿಂತು ಗೊರಕೆ ಶುರುವಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಸಲಾಮು ಕೇಳಿಸಿತು. ರಸೂಲಬಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೊಸೆಯ ಮೊಳಕೈ ಹಿಡಿದು ಒಳಗೆ ಬಂದೇಬಿಟ್ಟಳು. ಚಮನಬಿ ಗಾಬರಿಯಾಗಿ ಗಂಡನ ಭುಜ ಅಲುಗಿಸಿದಳು. ಅವನು ಹೊರಳಿ ಇನ್ನಷ್ಟು ಜಾಗ ಹಿಡಿದ. ಉಳಿದ ತುದಿಯಲ್ಲಿ ಹುಸ್ನಾ ಹೊಟ್ಟೆ ಹಿಡಿದು ಮೆಲ್ಲಗೆ ಕುಳಿತು, "ಅಪ್ಪಾಗ ಮಲಗಾಕ ಬಿಡವಾ" ಎಂದಳು.

ಚಮನಬಿ ಇನ್ನೊಮ್ಮೆ ಅಲುಗಿಸಲೆಂದು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಬಾಯಿ ತೆರೆದು, ಗಡ್ಡದಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಮಲಗಿದ್ದ ಆ ಮುಖವನ್ನು ನೋಡಿದಳು. ಮೂಲೆಯಲ್ಲಿದ್ದ ಚಾಪೆ ತಂದು ಬೀಗತಿಯ ಮುಂದೆ ಬಿಚ್ಚಿದಳು. "ಕುಂಡರ್ರಿ ಬೀಗತಿ. ನಮ್ಮನಿ ಗಾದಿ ಐತಿ, ಸದ್ಯಕ್ಕ ಖಾಲಿ ಇಲ್ಲ."

ರಸೂಲಬಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಕೈಗೆ ಎಟುಕಿದ ಹಸಿರು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. "ಭಾಳ ಮೆತ್ತಗೈತಿ ಬಿಡ್ರಿ. ಬೀಗರು ಎದ್ದ ಮ್ಯಾಲೆ ನಾ ಒಂದೀಟು ಅಡ್ಡಾಗತೇನಿ. ಬಸ್ಸಿನ್ಯಾಗ ಕುಂತು ಸೊಂಟಾ ಹೋಗೇತಿ."

"ಮೊದಲ ನಾ ಅಡ್ಡಾಗತೇನ್ರಿ" ಎಂದಳು ಚಮನಬಿ, ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತ. "ಆಮ್ಯಾಲೆ ನೀವು."