ತಾತ ನಂಬಿದ ಟೇಪ್ ರೆಕಾರ್ಡರ್

ಇವತ್ತು ಟಿವಿ ರಿಮೋಟ್ ಬಿಚ್ಚಿದರೆ ಒಳಗೆ ಸೆಲ್ ಸೋರಿತ್ತು. ಆ ಘಾಟಿಗೆ ಮಾದಿಹಳ್ಳಿಯ ನಮ್ಮ ನಡುಮನೆಯೂ ದೊಡ್ಡಪ್ಪನ ಮೇಲಿನ ಸಿಟ್ಟೂ ಒಟ್ಟಿಗೇ ಎದ್ದು ಬಂದವು.

ಅಪ್ಪ, ದೊಡ್ಡಪ್ಪ ಇಬ್ಬರೂ ನಾದಸ್ವರದವರು. ದೇವಸ್ಥಾನದ ಬೆಳಗಿನ ಪೂಜೆಗೆ ಯಾರು ನುಡಿಸಬೇಕೆಂಬ ಜಗಳ ಮುಗಿಯಲೆಂದು ಇಬ್ಬರೂ ಒಂದೇ ರಾಗವನ್ನು ಕ್ಯಾಸೆಟ್ಟಿಗೆ ನುಡಿಸಿದರು. ಮತ್ತೆ ಮತ್ತೆ ಕೇಳಿ ಹೋಲಿಸಿ ತೀರ್ಪು ಹೇಳುವುದು ತಾತನ ಪಾಲು. ದೊಡ್ಡಪ್ಪ ಟೇಪ್ ರೆಕಾರ್ಡರಿಗೆ ಹೊಸ ಸೆಲ್ ಹಾಕಿ ಮೊದಲು ತನ್ನದನ್ನು ಕೇಳಿಸಿದ. ಮತ್ತೆ ಕೇಳಿಸಿದ. ಕಾಫಿ ಕುಡಿಯುವಾಗಲೂ ಓಡಿಸಿಯೇ ಇಟ್ಟ. ಅಪ್ಪನ ಸರದಿ ಬರುವಷ್ಟರಲ್ಲಿ ಸೆಲ್ ಇಳಿದು, ಟೇಪು ನಿಧಾನವಾಗಿ, ನಾದಸ್ವರ ನರಳಿತು.

"ಶ್ರುತಿ ಇಳಿದೋಗೈತೆ ಕಣಪ್ಪಾ, ನೀನೇ ಕೇಳು," ಎಂದ ದೊಡ್ಡಪ್ಪ.

ಯಂತ್ರ ಸುಳ್ಳು ಹೇಳೀತೆಂದು ತಾತನಿಗೆ ಹೊಳೆಯಲೇ ಇಲ್ಲ. ಹೌದೆಂದು ತಲೆಯಾಡಿಸಿದರು. ಬೆಳಗಿನ ಪೂಜೆ ದೊಡ್ಡಪ್ಪನ ಪಾಲಾಯಿತು.

ಮಾರನೆಯ ದಿನ ನಾನು ಹೊಸ ಸೆಲ್ ಹಾಕಿ ಅಪ್ಪನ ಕ್ಯಾಸೆಟ್ ಕೇಳಿದೆ. ಶ್ರುತಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಓಡಿಹೋಗಿ ಹೇಳಿದರೆ ಅಪ್ಪ ತಲೆಯೆತ್ತಲಿಲ್ಲ.

"ಗೊತ್ತು ಕಣೇ. ಅಣ್ಣನಿಗೂ ಗೊತ್ತೈತೆ."

ರಿಮೋಟಿನ ಸೋರಿದ ಸೆಲ್ ಎಸೆದು ಕೈ ತೊಳೆದುಕೊಂಡೆ. ದೊಡ್ಡಪ್ಪನಿಗೆ ಈಗ ಕಿವಿ ಕೇಳಿಸುವುದಿಲ್ಲವಂತೆ. ಅವತ್ತೂ ಕೇಳಿಸಿರಲಿಲ್ಲವೇನೋ ಎಂದು ಕ್ಷಮಿಸುವಷ್ಟು ಒಳ್ಳೆಯವಳು ನಾನಲ್ಲ.