ಕುದುರೆಗೆ ಮೊದಲು ಅವನ ಕತ್ತು

ಹಿರೀಸಾವೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಮದುವೆ ಕುದುರೆಯವನು ಜೀನಿನ ಅಡಿಗೆ ಹಾಸುವ ಬಟ್ಟೆಯನ್ನು ತನ್ನ ಕತ್ತಿಗೆ ಸುತ್ತಿಕೊಂಡು ಓಡಾಡುತ್ತಿದ್ದ. ಬೆವರು ಬೇಗ ಆರಲೆಂದು ಕುದುರೆಯ ಕೂದಲನ್ನು ಮೆಷಿನ್ನಿನಲ್ಲಿ ಸಣ್ಣಗೆ ತೆಗೆದಿದ್ದ. ಆ ಬೋಳು ಮೈಗೆ ಬಟ್ಟೆಯ ಒಂದು ಸುಕ್ಕು ಉಜ್ಜಿದರೂ ಹುಣ್ಣಾಗುತ್ತಿತ್ತಂತೆ.

“ಅದನ್ಯಾಕಣ್ಣಾ ನೀನು ಸುತ್ಕೊಂಡಿದ್ದೀಯ?” ಅಂತ ಒಮ್ಮೆ ತಡೆಯಲಾರದೆ ಕೇಳಿದೆ.

“ಮೊದ್ಲು ನಂಗೆ ಉಜ್ಲಿ ಸಾ. ಕುದ್ರೆಗೆ ಬಾಯಿಲ್ಲ.”

ಯಾರು ಕೇಳಿದರೂ ಅದೇ ಮಾತು.

ನಮ್ಮ ಚಿಕ್ಕಪ್ಪನ ಮಗನ ಮೆರವಣಿಗೆಗೆ ಬೀಗರು ಕುದುರೆಗೆಂದು ಹೊಸ ಜರಿ ಹಾಸು ತಂದಿದ್ದರು. ಕುದುರೆಯವನು ಅದನ್ನು ತನ್ನ ಕತ್ತಿಗೆ ಉಜ್ಜಿ ನೋಡಿದ. ಕೆಂಪಗೆ ಗೀರು ಎದ್ದಿತು.

“ಜನ ಕಾಯ್ತಾವ್ರೆ ಕಣಯ್ಯಾ, ಅದ್ನೇ ಹಾಸು ಅತ್ತಾಗೆ!” ಚಿಕ್ಕಪ್ಪ ಗದರಿದರು.

ಅವನು ಅವಸರ ಮಾಡಲಿಲ್ಲ. ತನ್ನ ಕತ್ತಿನ ಬಟ್ಟೆ ಬಿಚ್ಚಿ ಕುದುರೆಯ ಬೆನ್ನಿಗೆ ಹಾಸಿ, ಸುಕ್ಕು ಸವರಿ, ಜೀನು ಬಿಗಿದು, ಜರಿಯನ್ನು ಎಲ್ಲದರ ಮೇಲೆ ಹೊದಿಸಿದ.

ಮದುಮಗ ಹತ್ತಲು ಬಂದ. ಶೇರ್ವಾನಿಯ ಕಾಲರ್ ಕತ್ತನ್ನು ಉಜ್ಜುತ್ತಿದ್ದರೂ ಎಲ್ಲರ ಮುಂದೆ ನಗುತ್ತ ನಿಂತಿದ್ದ. ಕುದುರೆಯವನು ಕಾಲರಿನೊಳಗೆ ಬೆರಳಾಡಿಸಿ ನೋಡಿದ. ಜೇಬಿನಿಂದ ಮೆತ್ತನೆಯ ಬಟ್ಟೆ ಚೂರೊಂದನ್ನು ತೆಗೆದು ಒಳಗೆ ಸಿಕ್ಕಿಸಿದ.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: “ಇವತ್ತು ಇವ್ರಿಗೂ ಬಾಯಿಲ್ಲ, ಸಾ.”